ದೊಡ್ಡಪ್ಪ ಮೊದಲು ಉಂಡ ವರ್ಷಗಳು

ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಬಾಳೆಲೆಯ ಕಟ್ಟುಗಳಿಗೆ ಸುತ್ತಿದ ಒದ್ದೆ ಗೋಣಿಯನ್ನು ಬಿಚ್ಚುವಾಗ ಒಂದು ಹಸಿ ವಾಸನೆ ಏಳುತ್ತದೆ. ಕಳೆದ ವಾರ ಮನೆಯ ಸಣ್ಣದೊಂದು ಪೂಜೆಗೆ ಎಲೆ ತರಲು ಹೋದವಳು ಆ ವಾಸನೆಗೆ ಸಿಕ್ಕಿ ದಾರಿಯ ನಡುವೆಯೇ ನಿಂತುಬಿಟ್ಟೆ. ಜೊತೆಗಿದ್ದ ಮಗಳು "ಎನ್ನಮ್ಮಾ ಆಚ್ಚು?", ಏನಾಯ್ತಮ್ಮಾ ಎಂದು ತಮಿಳಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಏನೂ ಇಲ್ಲವೆಂದೆ. ನಿಜಕ್ಕೂ ಆಗಿದ್ದೇನೆಂದರೆ, ತ್ರಿಪ್ಲಿಕೇನಿನ ನಮ್ಮ ಮೆಸ್ಸಿನ ಹಿತ್ತಲು, ಅಲ್ಲಿ ತೊಟ್ಟಿಯ ಪಕ್ಕ ನೀರು ಚಿಮುಕಿಸಿ ಇಟ್ಟ ಎಲೆಗಳು, ಪಂಚೆ ಎತ್ತಿ ಕಟ್ಟಿಕೊಂಡು ಅವುಗಳ ನಡುವೆ ಓಡಾಡುವ ದೊಡ್ಡಪ್ಪ, ಎಲ್ಲ ಒಟ್ಟಿಗೇ ಬಂದು ನನ್ನ ಮುಂದೆ ನಿಂತಿದ್ದವು. ಈಗ ಆ ಮೆಸ್ ಇಲ್ಲ. ಕೆಳಗೆ ಮೊಬೈಲ್ ಅಂಗಡಿ, ನಾವಿದ್ದ ಮಹಡಿಯಲ್ಲಿ ಲಾಡ್ಜಿನ ಕೋಣೆಗಳು. ನೀವೂ ಇಂಥ ಒಂದು ಮನೆಯನ್ನು ಕಳೆದುಕೊಂಡವರಾದರೆ, ಆ ಬೀದಿಗೆ ಹೋಗದೆ ಬಳಸಿಕೊಂಡು ಹೋಗುವ ನನ್ನ ಚಟ ನಿಮಗೂ ಇದ್ದೀತು.

ನಾವು ಉಡುಪಿಯ ಕಡೆಯವರು. ಕೆಳಗೆ ಮೆಸ್, ಮೇಲೆ ಸಂಸಾರ. ಗಲ್ಲಾದಲ್ಲಿ ಅಪ್ಪ ಕೂರುತ್ತಿದ್ದರಿಂದ ಹೊಸ ಗಿರಾಕಿಗಳು ಅವರನ್ನೇ ಯಜಮಾನರೆಂದು ತಿಳಿದು ನಮಸ್ಕಾರ ಹಾಕುತ್ತಿದ್ದರು, ಅಪ್ಪನೂ ಬೇಡವೆನ್ನದೆ ತೆಗೆದುಕೊಳ್ಳುತ್ತಿದ್ದರು. ಮೆಸ್ ಕಟ್ಟಿದ ದೊಡ್ಡಪ್ಪ ಆ ಹೊತ್ತಿಗೆ ಸಾಲಿನ ಕೊನೆಯಲ್ಲಿ ಬಗ್ಗಿ ಎಂಜಲೆಲೆ ಎತ್ತುತ್ತಿರುತ್ತಿದ್ದರು. ಆ ಕೆಲಸಕ್ಕೆ ಜನ ಇರಲಿಲ್ಲವೆಂದಲ್ಲ. ಉಂಡವನು ಬಾಯಲ್ಲಿ ಹೇಳದ್ದನ್ನು ಎಲೆಯಲ್ಲಿ ಬಿಟ್ಟು ಹೋಗುತ್ತಾನೆ ಎನ್ನುವುದು ಅವರ ನಂಬಿಕೆ. ಸುತ್ತಲಿನ ಲಾಡ್ಜುಗಳಲ್ಲಿದ್ದು ನಮ್ಮಲ್ಲಿ ಉಣ್ಣುವ ಯಾವ ಹುಡುಗನಿಗೆ ಜ್ವರ, ಯಾರಿಗೆ ಮನೆಯ ಚಿಂತೆ, ಎಲ್ಲವೂ ಅವರಿಗೆ ಎಲೆಯಲ್ಲೇ ತಿಳಿಯುತ್ತಿತ್ತು. ಮರುದಿನ ಅಂಥವನಿಗೆ ಕೇಳದೆಯೇ ಮೆತ್ತಗಿನ ಅನ್ನ, ತಿಳಿಸಾರು ಬರುತ್ತಿತ್ತು. ಅವರು ಮಾತ್ರ ಎಲ್ಲರದೂ ಆದಮೇಲೆ, ಪಾತ್ರೆ ತೊಳೆಯುವವರ ಜೊತೆ ನೆಲದ ಮೇಲೆ ಕೂತು, ಉಳಿದದ್ದನ್ನು ಉಣ್ಣುತ್ತಿದ್ದರು. ಸಾರು ಮುಗಿದಿದ್ದರೆ ಮಜ್ಜಿಗೆ ಅನ್ನ. ಹಾಗೆ ಉಣ್ಣುವುದರಲ್ಲಿ ತ್ಯಾಗಗೀಗ ಏನೂ ಅವರ ಮುಖದಲ್ಲಿ ಕಾಣುತ್ತಿರಲಿಲ್ಲ, ಒಳ್ಳೆಯ ಹಸಿವಷ್ಟೇ ಕಾಣುತ್ತಿತ್ತು.

ಒಳಗಿನ ಒಲೆ ವಾಸಣ್ಣನದು. ದೊಡ್ಡಪ್ಪನಿಗಿಂತ ಹಿರಿಯರು, ಮೆಸ್ಸಿನ ಮೊದಲ ದಿನದಿಂದ ಇದ್ದ ಅಡುಗೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಊರಿನಲ್ಲಿ ಕಾಯುವವರೂ ಇರಲಿಲ್ಲ. ನಮ್ಮಲ್ಲಿ ಅಡುಗೆ ಮೊದಲು ದೇವರಿಗೆ ನೈವೇದ್ಯವಾಗಬೇಕು, ಆಮೇಲೆ ಗಿರಾಕಿಗೆ. ಹಾಗಾಗಿ ಮಡಿಯಲ್ಲಿರುವ ಅಡುಗೆಯವರು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಕೈಯ ಅಳತೆ, ಕುದಿಯ ಸದ್ದು, ಸಾರಿನ ಬಣ್ಣ, ಇಷ್ಟರಲ್ಲೇ ಎಲ್ಲ ಗೊತ್ತಾಗಬೇಕು. ವಾಸಣ್ಣನಿಗೆ ಗೊತ್ತಾಗುತ್ತಿತ್ತು, ಮತ್ತು ಅದರ ಜಂಬ ಅವರಿಗೆ ಬೇಕಾದಷ್ಟಿತ್ತು. ತಾನು ಜೀವಮಾನದಲ್ಲಿ ಒಂದು ಹನಿ ಸಾರನ್ನೂ ನಾಲಿಗೆಗೆ ಹಚ್ಚಿ ನೋಡಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಎಲೆಗಳಲ್ಲಿ ಹುಳಿ ಕಲಸಿದ ಅನ್ನ ಹಾಗೆಯೇ ಉಳಿಯತೊಡಗಿತು. ವಾಸಣ್ಣ ಉಪ್ಪು ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕುತ್ತಿದ್ದರು. ದಿನಾ ಅಲ್ಲ, ಆಗಾಗ. ರುಚಿ ನೋಡುವ ಅಡುಗೆಯವನಾದರೆ ಮರೆವನ್ನು ನಾಲಿಗೆ ತಿದ್ದುತ್ತಿತ್ತು. ಇವರಿಗೆ ಆ ದಾರಿ ಇರಲಿಲ್ಲ. ಗಿರಾಕಿಗಳು ಮುಖ ಸಿಂಡರಿಸಿದರು, ಕೆಲವರು ಪಕ್ಕದ ಬೀದಿಯ ಮೆಸ್ಸಿಗೆ ಹೋದರು. ಅಪ್ಪ ತಡೆಯಲಾರದೆ, ವಾಸಣ್ಣನಿಗೆ ಶಾಲು ಹೊದೆಸಿ ಮರ್ಯಾದೆಯಿಂದ ಊರಿಗೆ ಕಳಿಸೋಣ ಎಂದರು. ಅಪ್ಪ ಕೆಟ್ಟವರಲ್ಲ, ಅವರ ಮಾತಿನಲ್ಲಿ ನ್ಯಾಯವೂ ಇತ್ತು. ದೊಡ್ಡಪ್ಪ ಒಪ್ಪಲಿಲ್ಲ. ಒಲೆ ಬಿಟ್ಟರೆ ಆ ಜೀವ ಯಾವುದಕ್ಕಾಗಿ ಬೆಳಗ್ಗೆ ಏಳಬೇಕು ಎಂದು ಕೇಳಿದರು. ಅಪ್ಪ ಶಾಲಿನ ಮಾತು ಬಿಟ್ಟರು.

ಅದಾದ ಸ್ವಲ್ಪ ದಿನಕ್ಕೇ ದೊಡ್ಡಪ್ಪ ಎಲ್ಲರಿಗಿಂತ ಮೊದಲು ಉಣ್ಣಲು ಶುರುಮಾಡಿದರು. ನೈವೇದ್ಯವಾದ ಕೂಡಲೇ, ಇನ್ನೂ ಹೊರಗೆ ಒಂದು ಎಲೆಯೂ ಬೀಳುವ ಮುಂಚೆ, ಅಡುಗೆಮನೆಯಲ್ಲಿ ಒಬ್ಬರೇ ಕೂತುಬಿಡುವರು. ಹೊಟ್ಟೆಯ ಉರಿಗೆ ಡಾಕ್ಟರು ಹೇಳಿದ್ದಾರೆ ಎಂದರು. ಬಡಿಸುವವರು ಬೆನ್ನ ಹಿಂದೆ ನಕ್ಕರು. "ಮೊದಲಾಳಿಗೆ ವಯಸ್ಸಾಯ್ತು, ಬಾಯಿಚಪಲ ಬಂತು" ಎಂದು ಯಜಮಾನರ ಬಗ್ಗೆ ಆಡಿದ ಮಾತು ನನ್ನ ಕಿವಿಗೂ ಬಿತ್ತು. ನನಗೆ ದೊಡ್ಡಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಶಾಲೆಯಲ್ಲಿ ನಮ್ಮ ದೊಡ್ಡಪ್ಪ ಕೊನೆಗೆ ಉಣ್ಣುವವರು ಎಂದು ಕೊಚ್ಚಿಕೊಂಡವಳು ನಾನು.

ಒಂದು ರಜೆಯ ದಿನ ನೇರ ಹೋಗಿ ಎದುರು ಕೂತು, ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದೆ. ಅವರು ನನ್ನ ಅಂಗೈಗೆ ಒಂದಿಷ್ಟು ಹುಳಿ ಹಾಕಿದರು. ನೆಕ್ಕಿದೆ, ಕಣ್ಣಲ್ಲಿ ನೀರು ಬರುವಷ್ಟು ಉಪ್ಪು. ವಾಸಣ್ಣ ಆ ಹೊತ್ತಿಗೆ ಹಿತ್ತಲಿನ ಕಟ್ಟೆಯಲ್ಲಿ ಕೂತು ಎಲೆಅಡಿಕೆಯ ಕವಳ ಹಾಕುತ್ತಿದ್ದರು. ದೊಡ್ಡಪ್ಪ ಎದ್ದು ಕೈ ತೊಳೆದು ಮೆಟ್ಟಿಲ ಬುಡಕ್ಕೆ ಹೋದರು. ಅಲ್ಲಿ ದೊಡ್ಡಮ್ಮ ಮೇಲಿನ ಮನೆಯಲ್ಲಿ ಉಪ್ಪಿಲ್ಲದೆ ಬೇಯಿಸಿದ ಬೇಳೆಯ ಪಾತ್ರೆ ಹಿಡಿದು ನಿಂತಿದ್ದರು, ದಿನವೂ ನಿಲ್ಲುತ್ತಿದ್ದರಂತೆ. ಅದನ್ನು ಹುಳಿಗೆ ಸುರಿದು, ಒಂದು ಕುದಿ ಬರಿಸಿ, ಪಲ್ಯಕ್ಕೆ ಎರಡು ಹಿಡಿ ತೆಂಗಿನತುರಿ ಬೆರೆಸಿ, ಏನೂ ಆಗದವರ ಹಾಗೆ ಮತ್ತೆ ಎಲೆಯ ಮುಂದೆ ಕೂತರು.

"ನನ್ನನ್ನು ಯಾರು ಎಂತ ಬೇಕಾದ್ರೂ ಹೇಳ್ಲಿ ಮಗಾ, ಅಡ್ಡಿಲ್ಲ. ವಾಸಣ್ಣನ ಕೈಗೆ ಒಬ್ರೂ ಒಂದು ಮಾತು ಹೇಳ್ಬಾರ್ದು" ಎಂದರು. ಅಷ್ಟೇ. ನಾನು ಯಾರಿಗೂ ಹೇಳಲಿಲ್ಲ. ಮುಂದೆ ಯಾರಾದರೂ ದೊಡ್ಡಪ್ಪನನ್ನು ನೋಡಿ ನಕ್ಕರೆ ತುಟಿ ಕಚ್ಚಿಕೊಂಡು ಸುಮ್ಮನಿರುವುದನ್ನು ಕಲಿತೆ. ನನ್ನಂಥ ಬಾಯಿಬಡುಕಿಗೆ ಅದು ಸಣ್ಣ ಪಾಠವಲ್ಲ.

ಈಗ ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಕೆಲವರು ನನ್ನ ಕೈಕೆಳಗಿದ್ದಾರೆ. ಯಾರದೋ ಕೈ ತಪ್ಪಿದಾಗ, ಮೇಲಿನವರು ತಪ್ಪು ಯಾರದು ಎಂದು ಗುಡುಗಿದಾಗ, ನನ್ನದೇ ಎಂದುಬಿಡುತ್ತೇನೆ. ಆಮೇಲೆ ಆ ಮನುಷ್ಯನ ಜೊತೆ ಕೂತು ತಿದ್ದುತ್ತೇನೆ. ಇವಳಿಗೆ ಬುದ್ಧಿಯಿಲ್ಲ ಎನ್ನುವವರಿದ್ದಾರೆ. ಇರಲಿ. ನನಗೆ ಹೀಗೆ ಬದುಕಲು ಕಲಿಸಿದವರನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ದೊಡ್ಡಪ್ಪ ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಮನೆತುಂಬ ಜನ ಅತ್ತರು. ನನಗೆ ಯಾಕೋ ಅಳು ಬರಲಿಲ್ಲ. ನೆಂಟರು ಹುಡುಗಿಯ ಮನಸ್ಸು ಕಲ್ಲು ಎಂದರು. ಸೂತಕ ಕಳೆದು ಮೆಸ್ ಮತ್ತೆ ತೆರೆದ ದಿನ ನೈವೇದ್ಯಕ್ಕೆ ಮುಂಚೆ ವಾಸಣ್ಣ ನನ್ನನ್ನು ಕರೆಸಿದರು. ಹೊಸ್ತಿಲ ಆಚೆಯೇ ನಿಲ್ಲಲು ಹೇಳಿದರು.

"ನಾನು ಉಪ್ಪು ಹಾಕುವುದನ್ನು ನೋಡ್ತಾ ಇರು ಮಗಾ. ಇನ್ನೊಮ್ಮೆ ಕೈ ಹೋದ್ರೆ, ಆಯ್ತು ಅಂತ ಹೇಳು."

ನಾನು ಬೆಪ್ಪಾಗಿ ನೋಡಿದೆ.

"ನಿನ್ನ ದೊಡ್ಡಪ್ಪನ ಹೊಟ್ಟೆಗೆ ಎಂತದೂ ಆಗಿರ್ಲಿಲ್ಲ, ನಂಗೆ ಗೊತ್ತುಂಟು. ಅವರಿದ್ದಷ್ಟು ದಿನ ಗೊತ್ತಿಲ್ಲದವನ ಹಾಗೆ ಇದ್ದೆ. ಗೊತ್ತಾಯ್ತು ಅಂದ್ರೆ ಅವರಿಗೆ ಬೇಜಾರಾಗ್ತಿತ್ತು" ಎಂದರು.

ಹುಳಿ ಕುದಿಯುತ್ತಿತ್ತು. ವಾಸಣ್ಣ ಹಿಡಿ ಉಪ್ಪು ಹಾಕಿದರು, ಸೌಟು ತಿರುವಿದರು, ಮೆಣಸಿನ ಪುಡಿಯ ಡಬ್ಬಿ ಮುಚ್ಚಿಟ್ಟರು. ಆಮೇಲೆ ಅವರ ಕೈ, ತನಗೇ ತಿಳಿಯದೆ, ಮತ್ತೆ ಉಪ್ಪಿನ ಮರಿಗೆಯ ಕಡೆ ಹೊರಟಿತು. "ಆಯ್ತು ವಾಸಣ್ಣ" ಎಂದೆ. ಎನ್ನುತ್ತಿದ್ದ ಹಾಗೆ, ಅಷ್ಟು ದಿನ ಬರದಿದ್ದ ಅಳು ಒಮ್ಮೆಲೇ ನುಗ್ಗಿ ಬಂತು. ಮಡಿಯಲ್ಲಿದ್ದ ಅವರು ನನ್ನನ್ನು ಮುಟ್ಟಿ ಸಮಾಧಾನ ಮಾಡುವಂತಿರಲಿಲ್ಲ. ಹೊರಗಿನಿಂದ ಅಪ್ಪ ಹೊತ್ತಾಯಿತೆಂದು ಕೂಗುತ್ತಿದ್ದರು. ವಾಸಣ್ಣ ಒಲೆಯ ಉರಿ ಸಣ್ಣ ಮಾಡಿ, ನನ್ನ ಅಳು ಮುಗಿಯುವವರೆಗೂ ದೇವರ ನೈವೇದ್ಯವನ್ನು ತಡೆದು, ನನ್ನ ಎದುರು ಸುಮ್ಮನೆ ನಿಂತಿದ್ದರು.