ಗಾಯರಾಣದ ಸೆಳೆವಗಳು

ಬೇವೂರಿನ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ನಾನು ಕಲಿಸುತ್ತೇನೆ. ಶಾಲೆಯ ಹಿಂದೆ ಊರ ದನ ಮೇಯುವ ಗಾಯರಾಣವಿತ್ತು. ಮೊಣಕಾಲೆತ್ತರ ಒಣಹುಲ್ಲು, ಹುಡುಕಿದರೂ ಒಂದು ಮರ ಸಿಗದು. ಚಳಿಗಾಲದಲ್ಲಿ ದೂರದ ದೇಶಗಳಿಂದ ಸೆಳೆವಗಳು ಅಲ್ಲಿಗೆ ಬರುತ್ತಿದ್ದವು. ಹದ್ದಿನ ಬಳಗದ, ನೀಳ ರೆಕ್ಕೆಯ ಹಕ್ಕಿಗಳು. ಹಗಲೆಲ್ಲ ಹೊಲಗಳ ಮೇಲೆ ತೇಲಾಡಿ, ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು ಹುಲ್ಲಿನೊಳಗೆ ನೆಲದ ಮೇಲೆಯೇ ಮಲಗುತ್ತಿದ್ದವು. ಸುತ್ತ ಬಯಲಿದ್ದರೆ ಮಾತ್ರ ಅವಕ್ಕೆ ಧೈರ್ಯ.

ಅಲ್ಲಿ ಸೋಲಾರ್ ಪ್ಲೇಟ್ ಹಾಕುವ ಮಾತು ಎದ್ದಾಗ, ಪಂಚಾಯಿತಿ ಅಧ್ಯಕ್ಷೆಯನ್ನು ಒಂದು ಸಂಜೆ ಕರೆದುಕೊಂಡು ಹೋದೆ. ತಲೆಯ ಮೇಲೆ ಸದ್ದಿಲ್ಲದೆ ಹಾದುಹೋದ ಹಕ್ಕಿಯನ್ನು ಕಂಡು ಅವರು ಬಾಯಿಗೆ ಸೆರಗು ಹಿಡಿದು ನಿಂತರು.

"ನಮ್ಮೂರಾಗ ಇಂಥಾವು ಅದಾವಂತ ಗೊತ್ತ ಇರ್ಲಿಲ್ರಿ ಅಕ್ಕೋರ. ಈ ಜಾಗಾ ಯಾರಿಗೂ ಕೊಡೂದಿಲ್ಲ ಬಿಡ್ರಿ."

ಮಾತಿಗೆ ತಪ್ಪಲಿಲ್ಲ. ಸಭೆಯಲ್ಲಿ ಗಂಡಸರೊಂದಿಗೆ ಜಗಳವಾಡಿ ಸೋಲಾರಿನವರನ್ನು ವಾಪಸ್ ಕಳಿಸಿದರು. ಅವತ್ತು ನಾನು ಮನೆಯಲ್ಲಿ ಹೋಳಿಗೆ ಮಾಡಿದೆ.

ಬೇಸಿಗೆ ರಜೆ ಮುಗಿಸಿ ಬಂದಾಗ ಬಯಲ ತುಂಬ ಜೆಸಿಬಿ ತೋಡಿದ ಗುಂಡಿಗಳು. ಹುಲ್ಲು ಬೇರುಸಹಿತ ಕಿತ್ತುಬಿದ್ದಿತ್ತು. ಟ್ರ್ಯಾಕ್ಟರಿನಿಂದ ಬೇವು, ಹೊಂಗೆಯ ಸಸಿ ಇಳಿಸುತ್ತಿದ್ದರು. ಅಧ್ಯಕ್ಷೆ ಓಡಿಬಂದು ನನ್ನ ಕೈ ಹಿಡಿದರು.

"ನಿಮ್ಮ ಹಕ್ಕಿಗೋಳ ಸಲುವಾಗೇರಿ! ಪಾಪ, ನೆಲದ ಮ್ಯಾಲ ಮಲಗ್ತಾವಲ್ರಿ. ಮೊದಲ್ನೇ ಗಿಡಾ ನೀವ ಹಚ್ಚಬೇಕು."

"ಅವು ಗಿಡದಾಗ ಕೂಡೂದಿಲ್ರಿ. ಹುಲ್ಲ ಬೇಕಿತ್ರಿ," ಎಂದೆ.

"ಹಕ್ಕಿ ಅಂದಮ್ಯಾಲ ಗಿಡಾ ಬ್ಯಾಡ ಅಂತಾವೇನ್ರಿ?" ಎಂದು ಅವರು ನಕ್ಕರು. ಸುತ್ತ ನಿಂತವರೂ ನಕ್ಕರು. ಸಿಟ್ಟು ಮಾಡೋಣವೆಂದರೆ ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಾನು ಸಸಿ ಮುಟ್ಟದೆ ಶಾಲೆಗೆ ನಡೆದೆ. ಆಮೇಲೆ ಬಾಗಲಕೋಟೆಯ ಅರಣ್ಯ ಇಲಾಖೆ ಕಚೇರಿಗೆ ಅಲೆದೆ. "ಗಿಡಾ ಹಚ್ಚಬ್ಯಾಡ್ರಿ ಅಂತ ಅರ್ಜಿ ಹಿಡ್ಕೊಂಡ ಬಂದವ್ರು ನೀವ ಮೊದಲ್ರಿ," ಎಂದರು ಅಲ್ಲಿನ ಸಾಹೇಬರು.

ಆ ಚಳಿಗಾಲ ಸೆಳೆವಗಳು ಬಂದವು. ಇಳಿಯಲು ನೋಡಿ, ಮತ್ತೆ ಮೇಲೇರಿ, ಕತ್ತಲಾಗುವವರೆಗೆ ಸುತ್ತಿ ಹೊರಟುಹೋದವು. ಹತ್ತಿರದಲ್ಲೆಲ್ಲೂ ಅಂಥ ಬಯಲು ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಮರುವರ್ಷ ಒಂದೂ ಬರಲಿಲ್ಲ.

ಮೊನ್ನೆ ಸಂತೆಯಲ್ಲಿ ಅಧ್ಯಕ್ಷೆ ಸಿಕ್ಕರು. "ಹಕ್ಕಿ ಬಂದಾವೇನ್ರಿ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

"ಗಿಡಾ ಇನ್ನೂ ಸಣ್ಣವು ಅದಾವಲ್ರಿ. ದೊಡ್ಡವಾಗ್ಲಿ, ಬರ್ತಾವ ತಗೋರಿ," ಎಂದು ಬೆನ್ನು ಸವರಿ ಸಮಾಧಾನ ಮಾಡಿದರು.