ಸುಂಕ ಕಟ್ಟಿದ ಸೊಪ್ಪು

"ಸುಂಕ ಕಟ್ಟಿದ ಮೇಲೆ ನಿಮ್ಮನ್ನು ಯಾರೂ ಕೇಳುವುದಿಲ್ಲ" ಎಂದು ಪುಟ್ಟತಾಯಮ್ಮನಿಗೆ ಹೇಳಿದವಳು ನಾನು. ಹಾಗೆ ಹೇಳಲೇ ಇಲ್ಲ ಎಂದು ಆಮೇಲೆ ಎಲ್ಲರ ಮುಂದೆ ಸುಳ್ಳಾಡಿದವಳೂ ನಾನೇ. ಅವರು ಜೈಲಿಗೆ ಹೋದರು. ನಾನು ಕೆಲಸದಲ್ಲಿ ಉಳಿದೆ.

ಪುಟ್ಟತಾಯಮ್ಮ ಬೂಕನಕೆರೆ ಕಡೆಯವರು. ವಾರದ ಸಂತೆಯಲ್ಲಿ ದನದ ಔಷಧಿ ಮಾರುತ್ತಿದ್ದರು — ಬೇರು, ಚಕ್ಕೆ, ಬೆಲ್ಲದಲ್ಲಿ ಕಲಸಿದ ಉಂಡೆ. ಸಂತೆ ನಡೆಯುವ ಪಟ್ಟಣದ ಹೆಸರು ಬೇಡ. ಅಲ್ಲಿನ ಪುರಸಭೆ ಕಚೇರಿಯಲ್ಲಿ ಇವತ್ತೂ ಕೆಲಸ ಮಾಡುತ್ತಿದ್ದೇನೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಗುತ್ತಿಗೆಯ ಮೇಲೆ ಸೇರಿದ ಮೊದಲ ವರ್ಷ ಅದು. ಸಂತೆ ಸುಂಕದ ಹರಾಜಿಗೆ ಆ ಸಲ ಯಾರೂ ಬರಲಿಲ್ಲವಾದ್ದರಿಂದ ನಾವೇ ಸುಂಕ ಎತ್ತಬೇಕಾಯಿತು. ನೆಲದ ಮೇಲೆ ಗೋಣಿ ಹಾಸಿದವರು ಯಾರೂ ತಪ್ಪಿಸಿಕೊಳ್ಳಬಾರದು ಎಂದು ಮುಖ್ಯಾಧಿಕಾರಿ ಹೇಳಿದ್ದರು. ಯಾರು ಏನು ಮಾರುತ್ತಾರೆ ಎನ್ನುವುದು ಅವರ ಮಾತಿನಲ್ಲಿ ಬರಲಿಲ್ಲ.

ಪುಟ್ಟತಾಯಮ್ಮನ ಗೋಣಿಯ ಕೆಳಗೆ ಒಂದು ಸಣ್ಣ ಕುಕ್ಕೆ ಇತ್ತು. ಗುರುತಿನ ರೈತರು ಕೇಳಿದರೆ ಮಾತ್ರ ಕೈ ಒಳಗೆ ಹೋಗುತ್ತಿತ್ತು. ನಾನು ಬಗ್ಗಿ ನೋಡಿದೆ. ಒಣಗಿದ ಭಂಗಿ ಸೊಪ್ಪು. ಎಲೆ ಮಾತ್ರವಲ್ಲ, ಅಲ್ಲಲ್ಲಿ ಹೂವಿನ ತುದಿಗಳೂ ಇದ್ದವು. ಕಾನೂನಿಗೆ ಎಲೆಯೇ ಬೇರೆ, ಆ ತುದಿಯೇ ಬೇರೆ. ತುದಿ ಇದ್ದರೆ ಅದು ಗಾಂಜಾ. ಆ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಚಿತ್ರ ಬರೆದು ತೋರಿಸಿದವಳು ನಾನು. ಅಷ್ಟೇ ಅಲ್ಲ, ಪಾಂಡವಪುರದ ಹತ್ತಿರದ ನಮ್ಮ ಮನೆಯ ಎತ್ತುಗಳು, ಕಬ್ಬಿನ ಗಾಡಿ ಎಳೆದು ಮೇವು ಬಿಟ್ಟಾಗ, ಅಪ್ಪ ಇದೇ ಕುಕ್ಕೆಯಿಂದ ಒಂದು ಹಿಡಿ ತಂದು ಬೆಲ್ಲದ ಜೊತೆ ತಿನ್ನಿಸುತ್ತಿದ್ದುದನ್ನು ನೋಡುತ್ತಲೇ ಬೆಳೆದಿದ್ದೆ.

"ಇದ್ಕೂ ಸುಂಕನೇನವ್ವ?" ಎಂದು ಪುಟ್ಟತಾಯಮ್ಮ ಕೇಳಿದರು. ಸೊಪ್ಪಿಗೆಲ್ಲ ಒಂದೇ ದರ, ಹೌದು ಎಂದೆ. ಅವರು ಸೆರಗಿನ ಗಂಟು ಬಿಚ್ಚುತ್ತ ತಡೆದರು.

"ಕಟ್ಬುಟ್ರೆ ಯಾರೂ ಏನೂ ಅನ್ನಕಿಲ್ವಾ? ಇಷ್ಟ್ ದಿನ ಕಳ್ರಂಗೆ ಮಡಿಕಂಡಿದ್ದೆ."

ಆಗ ಆ ಮಾತು ಹೇಳಿದೆ. ಇನ್ನೂ ಅರ್ಧ ಸಂತೆ ಬಾಕಿ ಇತ್ತು, ಬಿಸಿಲು, ಹಿಂದಿನವರು ಕೂಗುತ್ತಿದ್ದರು — ಇಲ್ಲ, ಇದನ್ನು ಬರೆಯಬಾರದು. ಗೊತ್ತಿದ್ದೇ ಹೇಳಿದೆ.

ಸರ್ಕಾರ ದುಡ್ಡು ತೆಗೆದುಕೊಂಡಿತು ಎಂದರೆ ಒಪ್ಪಿಕೊಂಡಿತು ಎಂದೇ ಸಂತೆಯವರ ಲೆಕ್ಕ. ಕೋಳಿಗೆ ಸುಂಕದ ಚೀಟಿ ಹರಿದರೆ ಕೋಳಿ ಮಾರಬಹುದು, ಮಡಕೆಗೆ ಹರಿದರೆ ಮಡಕೆ. ಮುಂದಿನ ವಾರ ಬಂದಾಗ ಆ ಕುಕ್ಕೆ ಗೋಣಿಯ ಕೆಳಗೆ ಇರಲಿಲ್ಲ. ಎಲ್ಲಕ್ಕಿಂತ ಮುಂದೆ, ಇಟ್ಟಿಗೆಯ ಮೇಲೆ ಕೂತಿತ್ತು. ನಾನು ಯಾರ ಮಗಳೆಂದು ಗೊತ್ತಿರದಿದ್ದರೂ ನನ್ನ ಓದಿನ ಸುದ್ದಿ ಅವರಿಗೆ ಮುಟ್ಟಿತ್ತು. ಪುಟ್ಟತಾಯಮ್ಮ ನನ್ನನ್ನು ಕಂಡು, ಬಾರವ್ವ ಎಮ್ಮೆಸ್ಸಿ, ಮೊದ್ಲು ನಂದೇ ಹರಿ ಎಂದು ನಕ್ಕರು. ನಾನು ಹರಿದುಕೊಟ್ಟೆ. ಆ ವಾರವೂ, ಅದರ ಮುಂದಿನ ವಾರವೂ. ಒಳಗಿಡಿ ಅಮ್ಮ ಎಂದು ಒಂದು ಮಾತು — ಅಷ್ಟೇ ಸಾಕಿತ್ತು.

ಎತ್ತಿಲ್ಲದ ಹುಡುಗರು ಬಂದು ಕೊಳ್ಳತೊಡಗಿದ ಮೇಲೆ ಪೊಲೀಸರು ಬಂದರು. ಪುಟ್ಟತಾಯಮ್ಮ ಗಾಬರಿಯಾಗಲಿಲ್ಲ. ಸುಂಕ ಕಟ್ಟಿದ್ದೀನಿ, ಬೇಕಾದರೆ ಬನ್ನಿ ಎಂದು ಅವರನ್ನೇ ನಮ್ಮ ಕಚೇರಿಗೆ ಕರೆತಂದರು. ನನ್ನ ಮೇಜಿನ ಮುಂದೆ ನಿಂತು, ಈ ಹುಡುಗಿಯೇ ಹೇಳಿದ್ದು, ಕೇಳಿ ಎಂದರು. ಮುಖ್ಯಾಧಿಕಾರಿ ನನ್ನ ಮುಖ ನೋಡಿದರು. ಆ ತಿಂಗಳೇ ನನ್ನ ಗುತ್ತಿಗೆ ಮುಂದುವರಿಯಬೇಕಿತ್ತು.

"ನಾನು ಹಾಗೆ ಹೇಳಿಲ್ಲ ಸರ್. ಅದು ಯಾವ ಸೊಪ್ಪು ಅಂತಲೇ ನನಗೆ ಗೊತ್ತಾಗಲಿಲ್ಲ."

ಪುಟ್ಟತಾಯಮ್ಮ ಪಕ್ಕದಲ್ಲಿದ್ದ ಪೇದೆಯ ಕಡೆ ತಿರುಗಿದರು. "ಎಮ್ಮೆಸ್ಸಿ ಓದ್ದೋರ್ಗೆ ಗೊತ್ತಾಗ್ನಿಲ್ವಂತೆ ಕಣಪ್ಪ. ನಮ್ಮೂರ್ ಎತ್ಗೊಳ್ಗೆ ಗೊತ್ತಾಯ್ತದೆ."

ಪೇದೆ ನಕ್ಕ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಪೊಲೀಸರು ಅದೇ ಸುಳ್ಳನ್ನು ನನ್ನ ಹೇಳಿಕೆ ಎಂದು ಬರೆದುಕೊಂಡರು.

ಕುಕ್ಕೆ ಅವರದೇ, ನಾನು ನಿಜ ಹೇಳಿದ್ದರೂ ಹಿಡಿದೊಯ್ಯುತ್ತಿದ್ದರು ಎಂದು ಎಷ್ಟೋ ದಿನ ವಾದ ಕಟ್ಟಿದೆ. ಇರಬಹುದು. ಆದರೆ ಕದ್ದುಮುಚ್ಚಿ ಮಾರುವವಳು ಕುಕ್ಕೆಯನ್ನು ಇಟ್ಟಿಗೆಯ ಮೇಲೆ ಇಡುವುದಿಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಜಾಮೀನು ಸಿಗುವ ಹೊತ್ತಿಗೆ ಸಂತೆಯಲ್ಲಿ ಅವರ ಜಾಗಕ್ಕೆ ಪ್ಲಾಸ್ಟಿಕ್ ಬಿಂದಿಗೆಯವನು ಬಂದಿದ್ದ. ಈಗಲೂ ಪ್ರತಿ ವಾರ ಅವನಿಗೆ ಚೀಟಿ ಹರಿಯುತ್ತೇನೆ. ಕೆಲಸ ಬಿಟ್ಟರೆ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ; ಬಿಡದಿದ್ದರೆ ಆ ಇಟ್ಟಿಗೆ ಅಲ್ಲೇ ಇದೆ.

ಮನೆಗೂ ಆ ಸುದ್ದಿ ಮುಟ್ಟಿತು. ಒಂದು ಸಂಜೆ ಅಪ್ಪ ಎತ್ತಿನ ಮೈ ಉಜ್ಜುತ್ತ ಹೇಳಿದರು. "ಆಯಮ್ಮಂಗೆ ಯಾರೋ ಆಫೀಸ್ನೋರು ಮಾರು ಅಂದ್ಬುಟ್ಟು ಆಮೇಕೆ ಇಲ್ಲ ಅಂದ್ರಂತೆ. ಎಂಥಾ ಜನ ಅವ್ರೆ ನೋಡವ್ವ." ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಅವರಿಗೆ ಇನ್ನೂ ಗೊತ್ತಿಲ್ಲ.

ಪುಟ್ಟತಾಯಮ್ಮನಿಗೆ ಓದು ಬಾರದು. ಅದಕ್ಕೇ ಇದನ್ನು ಬರೆಯುವುದು ಇಷ್ಟು ಸುಲಭವಾಗಿದೆ, ಇದೂ ಹೇಡಿತನವೇ.

ಆದರೆ ಈಗ ಸಮನ್ಸ್ ಬಂದಿದೆ. ಮಂಡ್ಯದ ಕೋರ್ಟಿನಲ್ಲಿ ನಾನು ಅವರ ವಿರುದ್ಧದ ಸಾಕ್ಷಿ. ಕಚೇರಿಯಲ್ಲಿ, ಹಿಂದೆ ಹೇಳಿದ್ದನ್ನೇ ಹೇಳಿ ಬಂದುಬಿಡಿ ಎಂದಿದ್ದಾರೆ. ಹಿಂದೆ ಹೇಳಿದ್ದು ಎರಡಿದೆ — ಸಂತೆಯಲ್ಲಿ ಒಂದು, ಕಚೇರಿಯಲ್ಲಿ ಒಂದು. ಮೊದಲನೆಯದನ್ನು ಹೇಳುತ್ತೇನೆ. ಅದರಿಂದ ಅವರು ಬಿಡುಗಡೆಯಾಗುತ್ತಾರೋ ಗೊತ್ತಿಲ್ಲ. ನನ್ನ ಕೆಲಸ ಉಳಿಯುವುದಿಲ್ಲ ಎಂಬುದು ಗೊತ್ತು.

ಸೋಮವಾರ ಪುಟ್ಟತಾಯಮ್ಮನ ಕೇಸಿಗೆ ಮಂಡ್ಯಕ್ಕೆ ಹೋಗಬೇಕು ಎಂದಷ್ಟೇ ನಿನ್ನೆ ಮನೆಯಲ್ಲಿ ಹೇಳಿದೆ. ಅಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, ನಾನೂ ಬತ್ತೀನಿ ಇರು, ಆಯಮ್ಮನ್ನ ನೋಡ್ದಂಗೂ ಆಯ್ತದೆ ಎಂದರು.

ಬೇಡ ಎನ್ನಲು ಬಾಯಿ ತೆರೆದೆ. ಬೆಳಗಿನ ಬಸ್ಸಿಗೇ ಹೊರಡಬೇಕು ಅಪ್ಪ, ಎಂದೆ.