ಕತ್ತರಿಸದ ಹತ್ತು ನಿಮಿಷ

ಮುಂಬಯಿಯ ಆಂಟಾಪ್ ಹಿಲ್ಲಿನ ನಮ್ಮ ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಬೆಳಿಗ್ಗೆ ನೀರು ಬಂದಾಗ ತೆರೆದ ಬಾಗಿಲು ಮುಚ್ಚುವುದು ರಾತ್ರಿ ಊಟವಾದ ಮೇಲೆಯೇ. ನಡುವೆ ಒಂದು ಪರದೆ ಇಳಿಬಿಟ್ಟರೆ ಆಯಿತು. ಇಪ್ಪತ್ತೆರಡು ವರ್ಷ ಸಾಲುಮನೆಗಳ ಈ ಗ್ಯಾಲರಿಯಲ್ಲಿ ಬಾಳಿದ ನಾನು ಆ ದಿನ ಹತ್ತೂವರೆಗೆ ಬಾಗಿಲು ಹಾಕಿ ಚಿಲಕ ಜಡಿದೆ.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಕನ್ನಡದ ತರಗತಿಗಳು ಮಕ್ಕಳಿಲ್ಲದೆ ಮುಚ್ಚಿ ಎಂಟು ತಿಂಗಳಾಗಿತ್ತು. ಹೊರನಾಡಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಹೇಳಿಕೊಡುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದೆ. ಅವರು ಹತ್ತು ನಿಮಿಷದ ಮಾದರಿ ಪಾಠ ಕೇಳಿದ್ದರು. ಪರದೆಯ ಮೇಲೆ ಚಿತ್ರಗಳು, ಮೂಲೆಯಲ್ಲಿ ನನ್ನ ಮುಖ, ಎರಡೂ ಒಟ್ಟಿಗೆ ರೆಕಾರ್ಡ್ ಆಗಿರಬೇಕು. ಎಲ್ಲಿಯೂ ಕತ್ತರಿಸಿರಬಾರದು. ಮಧ್ಯಾಹ್ನ ಹನ್ನೆರಡರೊಳಗೆ ತಲುಪಬೇಕು. ಮಗಳ ಲ್ಯಾಪ್‌ಟಾಪ್ ನನ್ನ ಕೈಗೆ ಬಂದದ್ದೇ ಆ ಕೊನೆಯ ದಿನ. ನನ್ನ ವಯಸ್ಸಿನವಳನ್ನು ಇನ್ನೊಬ್ಬರು ಕರೆದು ಕೆಲಸ ಕೊಡುತ್ತಾರೆಂಬ ಭರವಸೆ ನನಗಿರಲಿಲ್ಲ.

ಕಾಲೇಜಿಗೆ ಹೊರಡುವ ಮುಂಚೆ ಮಗಳು ಎಲ್ಲ ಹೇಳಿಕೊಟ್ಟಿದ್ದಳು. ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡಿದ್ದೆ. ಬ್ರೌಸರಿನಲ್ಲಿ ರೆಕಾರ್ಡರಿನ ಪುಟ ತೆರೆಯುವುದು. ಕ್ಯಾಮೆರಾ, ಮೈಕು ಎರಡಕ್ಕೂ ‘ಅಲೌ’ ಒತ್ತುವುದು. ಏನನ್ನು ತೋರಿಸಲಿ ಎಂದು ಅದು ಕೇಳಿದಾಗ ಇಡೀ ಸ್ಕ್ರೀನ್ ಆರಿಸುವುದು. ಬರೀ ಟ್ಯಾಬ್ ಆರಿಸಿದರೆ ಚಿತ್ರಗಳು ಬರುವುದಿಲ್ಲ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ: ಸ್ಟಾಪ್ ಒತ್ತಿ ಫೈಲು ಇಳಿಯುವ ತನಕ ಏನನ್ನೂ ಮುಟ್ಟಬಾರದು, ಅಲ್ಲಿಯವರೆಗೆ ಅದು ಎಲ್ಲಿಯೂ ಉಳಿದಿರುವುದಿಲ್ಲ. ಆ ಲ್ಯಾಪ್‌ಟಾಪಿನ ಬ್ಯಾಟರಿಯೂ ಎಂದೋ ಸತ್ತಿತ್ತು. ಗೋಡೆಯ ಪ್ಲಗ್ಗಿನಲ್ಲಿ ವೈರು ಇದ್ದಷ್ಟು ಹೊತ್ತು ಮಾತ್ರ ಜೀವ.

ಹತ್ತು ನಲವತ್ತಕ್ಕೆ ಶುರು ಮಾಡಿದೆ. ಬದನೆಕಾಯಿ, ಹೀರೆಕಾಯಿ, ಹಾಗಲಕಾಯಿ ಒಂದೊಂದೇ ಚಿತ್ರ ತೋರಿಸುತ್ತ ಏಳನೆಯ ನಿಮಿಷಕ್ಕೆ ಬಂದಿದ್ದೆ. ಬಾಗಿಲು ದಡದಡ ಬಡಿದ ಸದ್ದಾಯಿತು.

“ಅಕ್ಕಾ! ಓ ಅಕ್ಕಾ! ಬಾಗಿಲು ತೆಗೀರಿ! ಅಜ್ಜಿಗೆ ಎಂತ ಆಯ್ತು?”

ಪಕ್ಕದ ಮನೆಯ ಉಡುಪಿಯಾಕೆ. ತೆರೆದರೆ ಅವಳ ಹಿಂದೆ ಇನ್ನೂ ನಾಲ್ವರು ನಿಂತಿದ್ದರು. ಒಬ್ಬಳ ಕೈಯಲ್ಲಿ ನೀರಿನ ಚೊಂಬು. ಹಗಲಿನಲ್ಲಿ ಒಳಗಿನಿಂದ ಚಿಲಕ ಹಾಕಿದೆಯೆಂದರೆ ಒಳಗೆ ಯಾರೋ ಹೋಗಿಬಿಟ್ಟರು ಎಂದೇ ನಮ್ಮ ಗ್ಯಾಲರಿಯ ಲೆಕ್ಕ. ಎಂಬತ್ತು ದಾಟಿದ ನನ್ನ ಅತ್ತೆ ಮಂಚದ ಮೇಲಿಂದಲೇ ಕೂಗಿದರು: “ನಾ ಇನ್ನೂ ಅದೀನವಾ! ಹೋಗೋ ಮುಂದ ಹೇಳೇ ಹೋಗ್ತೀನಿ.”

ಯಾರೂ ನಗಲಿಲ್ಲ. ವಿಷಯ ಬಿಡಿಸಿ ಹೇಳಿ ಎಲ್ಲರನ್ನೂ ಕಳಿಸುವಷ್ಟರಲ್ಲಿ ಹನ್ನೊಂದು ಹತ್ತು. ಉಡುಪಿಯಾಕೆ ಮಾತ್ರ ಹೋಗಲಿಲ್ಲ. “ನೀವು ಬಾಗಿಲು ತೆಗೆದೇ ಇಡಿ ಮಾರಾಯ್ತಿ. ನಾನು ಹೊರಗೆ ಕೂತುಕೊಳ್ತೇನೆ. ಯಾರು ಬಾಯಿ ಬಿಡ್ತಾರೆ ನೋಡುವ.” ಸ್ಟೂಲು ತಂದು ಗ್ಯಾಲರಿಯಲ್ಲಿ ಕುಳಿತಳು.

ಹನ್ನೊಂದು ಹದಿನೆಂಟಕ್ಕೆ ಮತ್ತೆ ಮೊದಲಿನಿಂದ. ಈ ಸಲ ಪಾಠ ಸಾಗಿತು. ಹೊರಗೆ ಯಾರೋ ಕೆಮ್ಮಿದರೆ ಉಡುಪಿಯಾಕೆ ‘ಶ್’ ಎನ್ನುವುದು ಕೇಳುತ್ತಿತ್ತು. ಕೊನೆಯ ಚಿತ್ರವೂ ಮುಗಿಯಿತು. “ಇವತ್ತಿಗೆ ಇಷ್ಟು ಸಾಕು ಮಕ್ಕಳೇ, ನಮಸ್ಕಾರ,” ಎಂದು ಕೈ ಮುಗಿದೆ.

ನಮಸ್ಕಾರ ಎಂದದ್ದೇ ತಡ, ಅತ್ತೆ ಎದ್ದಿದ್ದರು. ಕೆಲಸ ಮುಗಿದ ಮೇಲೆ ಸ್ವಿಚ್ಚು ಹಾಕಿರಬಾರದು, ಅದು ಅವರ ನಿಯಮ. ಫ್ಯಾನು, ದೀಪ, ಮಿಕ್ಸರು, ಎಲ್ಲದರ ಹಿಂದೆಯೂ ಅವರ ಕೈ ತಿರುಗುತ್ತಿರುತ್ತದೆ. ನಾನು ತಿರುಗಿ ನೋಡುವಷ್ಟರಲ್ಲಿ ಆ ಕೈ ಲ್ಯಾಪ್‌ಟಾಪಿನ ಸ್ವಿಚ್ಚಿಗೆ ಒಂದು ಗೇಣು ದೂರದಲ್ಲಿತ್ತು.

“ಕೈ ತಗೀರಿ! ತಲಿ ಅದನೋ ಇಲ್ಲೋ ನಿಮಗ?”

ಅಷ್ಟು ವರ್ಷಗಳಲ್ಲಿ ಅವರೆದುರು ನಾನು ದನಿ ಏರಿಸಿರಲಿಲ್ಲ. ಅತ್ತೆ ಕೈ ಹಿಂದೆಗೆದು, ಸುಟ್ಟುಕೊಂಡವರಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಕುಳಿತರು. ಆಗ ನಾನು ಸ್ಟಾಪ್ ಒತ್ತಿದೆ.

ಫೈಲು ಇಳಿದಾಗ ಹನ್ನೊಂದು ಮೂವತ್ತಮೂರು. ಕೊನೆಯ ತುಣುಕು ಹಾಕಿ ನೋಡಿದೆ. ಪರದೆಯ ತುಂಬ ಹಸಿರು ಸೋರೆಕಾಯಿ. ಮೂಲೆಯ ದುಂಡು ಚೌಕಟ್ಟಿನಲ್ಲಿ ನಾನು ಕೈ ಮುಗಿಯುತ್ತೇನೆ, ನನ್ನ ಹೆಗಲ ಹಿಂದೆ ಬಳೆ ತೊಟ್ಟ ಮುದಿಗೈಯೊಂದು ಬರುತ್ತದೆ, ಆಮೇಲೆ ನನ್ನ ಮುಖ. ನಾನು ಬೈಯುವಾಗ ಹಾಗೆ ಕಾಣುತ್ತೇನೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕ ಮಕ್ಕಳ ಟೀಚರ್ ಆಗಬೇಕೆಂದು ಕೇಳಿಕೊಳ್ಳುವವಳ ಮುಖವಲ್ಲ ಅದು.

ಫೈಲು ಅಪ್‌ಲೋಡ್ ಆಗಲು ನಮ್ಮ ನೆಟ್ಟಿಗೆ ಕಾಲು ಗಂಟೆ ಬೇಕು. ಇನ್ನೊಂದು ಸಲ ಮಾಡಲು ಹೊತ್ತಿರಲಿಲ್ಲ. ಮಗಳಿಗೆ ಫೋನ್ ಮಾಡಿದೆ.

“ಮಮ್ಮಿ, ಲಾಸ್ಟ್ ವಾಲಾ ಕಟ್ ಮಾಡು ನಾ. ಕಿಸಕೋ ಪತಾ ಚಲೇಗಾ, ಯಾರಿಗೆ ಗೊತ್ತಾಗ್ತದ?”

“ಫಾರ್ಮಿನಾಗ ಕತ್ತರಿಸಿಲ್ಲ ಅಂತ ಟಿಕ್ ಹಾಕಬೇಕು. ಸುಳ್ಳು ಹ್ಯಾಂಗ ಹಾಕಲಿ?”

“ತೂ ಭೀ ನಾ, ಮಮ್ಮಿ! ಅರ್ಧ ಮಿನಿಟ್ ಸಲುವಾಗಿ ಜಾಬ್ ಬಿಡ್ತೀ?”

ಫೋನ್ ಇಟ್ಟೆ. ಹಿಂದಿನಿಂದ ಅತ್ತೆಯ ಸಣ್ಣ ದನಿ: “ನನ್ನಿಂದ ಕೆಟ್ಟತೇನವಾ?”

“ಇಲ್ರಿ ಅತ್ತಿ. ನನ್ನ ಬಾಯಿಂದ.” ಹತ್ತಿರ ಹೋಗಿ ಅವರ ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಹನ್ನೊಂದು ನಲವತ್ತೊಂದಕ್ಕೆ ಟಿಕ್ ಹಾಕಿ, ಇದ್ದದ್ದು ಇದ್ದ ಹಾಗೆ ಕಳಿಸಿದೆ. ನೀಲಿ ಗೆರೆ ತೆವಳುವುದನ್ನು ಇಬ್ಬರೂ ಕುಳಿತು ನೋಡಿದೆವು. ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಅದು ತುಂಬಿತು.

ನಾಲ್ಕನೆಯ ದಿನ ಫೋನ್ ಬಂತು. ಬೆಂಗಳೂರಿನ ಕನ್ನಡ, ಹೆಣ್ಣುದನಿ. “ಪಾಠ ಚೆನ್ನಾಗಿದೆ ಮೇಡಮ್. ಕೊನೇಲಿ ಕೂಗಿದ್ರಲ್ಲ, ಯಾರಿಗೆ?”

“ನಮ್ಮ ಅತ್ತಿಯವರಿಗೆ.” ನಡೆದದ್ದನ್ನು ಹೇಳಿದೆ.

“ಕ್ಲಾಸ್ ಮಧ್ಯೆ ಮಗು ಏನಾದ್ರೂ ಆಫ್ ಮಾಡಿದ್ರೆ, ಹೀಗೇ ಕೂಗ್ತೀರಾ?”

“ಕೂಗಂಗಿಲ್ಲ ಅಂತ ಮೊದಲಾದ್ರ ಹೇಳ್ತಿದ್ದೆ. ಈಗ, ನನ್ನ ನಾ ನೋಡಕೋತ ಇರ್ತೀನಿ ಅಂತ ಹೇಳಬಹುದು, ಅಷ್ಟ.”

ಹದಿನೈದು ದಿನ ಪರೀಕ್ಷೆಗೆಂದು ತರಗತಿ ಕೊಡುತ್ತೇವೆ, ಪ್ರತಿಯೊಂದೂ ರೆಕಾರ್ಡ್ ಆಗುತ್ತದೆ, ಒಬ್ಬರು ಕುಳಿತು ನೋಡುತ್ತಾರೆ, ಆಮೇಲೆ ತಿಳಿಸುತ್ತೇವೆ ಎಂದರು. ಒಪ್ಪಿದೆ. ಫೋನ್ ಇಟ್ಟು ಅತ್ತೆಗೆ ಹೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು.

“ಅಂದ್ರ ಹದಿನೈದು ದಿನ ನೀ ನನಗ ಬೈಯಂಗಿಲ್ಲ,” ಎಂದರು.